ಗುಂಡಿ ಅಂಗಡಿಯವಳು

ಹೆಂಡತಿಯ ಪಟವನ್ನು ಎದೆಗವಚಿಕೊಂಡು ಗಿತೇ ಮಲಗುವ ಕೋಣೆಯ ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ನಾದಿನಿ ಪಿಲ್‌ಜಾ ಅಡ್ಡ ನಿಂತಳು.

"ಈ ಕೋಣೆ ಬೇಡ ಭಾವ. ಅಕ್ಕ ಇಲ್ಲಿ ಒಂದಿನಾನೂ ನೆಟ್ಟಗೆ ನಿದ್ದೆ ಮಾಡಿಲ್ಲ."

ಅಂಗಳದಾಚೆ ಶವದ ಬಸ್ಸು ಎಂಜಿನ್ ಆರಿಸದೆ ನಿಂತಿತ್ತು. ಅದರೊಳಗಿನ ಪೆಟ್ಟಿಗೆಯಲ್ಲಿ ಪಿಲ್‌ಸುನ್ ಇದ್ದಳು. ಅರವತ್ತೇಳು ವರ್ಷ. ಮೂರು ದಿನದ ಹಿಂದೆ ಬೆಳ್ಳುಳ್ಳಿ ಪಾತಿಯಲ್ಲಿ ಕಳೆ ಕೀಳುತ್ತ ಕೂತಲ್ಲೇ ಒರಗಿದ್ದಳು. ಮಣ್ಣಿಗೆ ಒಯ್ಯುವ ಮುನ್ನ ಸತ್ತವರ ಪಟ ಹೊತ್ತು ಕೋಣೆ ಕೋಣೆಗೂ ಹೋಗಿ ಕೊನೆಯ ಸಲ ಅವರಿಗೆ ಮನೆ ತೋರಿಸಬೇಕು. ಮಕ್ಕಳಿರಲಿಲ್ಲವಾಗಿ ಪಟವನ್ನು ಗಂಡನೇ ಹೊತ್ತಿದ್ದ.

"ದಾರಿ ಬಿಡು."

"ಬಿಡ್ತೀನಿ. ಈಗೇನು, ಎಲ್ಲಿಗೆ ಬೇಕಾದ್ರೂ ಹೊತ್ಕೊಂಡು ಹೋಗಿ. ಬದುಕಿದ್ದಾಗ್ಲೂ ಹಾಗೇ ತಾನೇ ಹೊತ್ಕೊಂಡು ಬಂದಿದ್ದು."

ಪಕ್ಕದ ಮನೆಯ ಬೊಂಗಿಮ್ ಅಜ್ಜಿ ಜಗಲಿಯಲ್ಲಿ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದಳು. "ಜಗಳ ಗುಡ್ಡ ಹತ್ತಿದ ಮೇಲೆ ಆಡಿ. ಡ್ರೈವರ್‌ಗೆ ಮಧ್ಯಾಹ್ನ ಇನ್ನೊಂದು ಹೆಣ ಇದೆಯಂತೆ," ಎಂದಳು.

ಪಿಲ್‌ಜಾ ಸರಿದಳು. ಗಿತೇ ಒಳಗೆ ಹೋಗಿ ನಿಂತ. ಪಟವನ್ನು ಹಾಸಿಗೆಯ ಕಡೆ ತಿರುಗಿಸಬೇಕೋ ಕಿಟಕಿಯ ಕಡೆಗೋ ತಿಳಿಯಲಿಲ್ಲ. ಎರಡು ಸಲ ಅತ್ತಿತ್ತ ತಿರುಗಿಸಿ ಹೊರಗೆ ಬಂದ.

*

ಬುಸಾನಿನ ಮಾರುಕಟ್ಟೆಯಲ್ಲಿ ಪಿಲ್‌ಸುನ್ ಇಪ್ಪತ್ತೊಂಬತ್ತು ವರ್ಷ ಗುಂಡಿ, ದಾರ, ಜಿಪ್ಪು ಮಾರಿದಳು. ಆರು ಹೆಜ್ಜೆ ಅಗಲದ ಅಂಗಡಿ. ದರ್ಜಿಗಳು ಕೋಟು ತಂದರೆ ಉಳಿದ ಒಂದು ಗುಂಡಿಯನ್ನು ಬೆರಳಲ್ಲಿ ಹೊರಳಿಸಿ, ಹಿಂತಿರುಗಿಯೂ ನೋಡದೆ, ಗೋಡೆ ತುಂಬಿದ ಡಬ್ಬಿಗಳಲ್ಲಿ ಅದರ ಜೊತೆಯದನ್ನು ಎಳೆದು ಕೊಡುತ್ತಿದ್ದಳು. ನಿಂತೂ ನಿಂತೂ ಮೊಣಕಾಲು ಸವೆಯಿತು. ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ ಮಾಡಿ ಕಿವಿ ಮಂದವಾಗಿದ್ದ ಗಿತೇಗೆ ಸದ್ದಿಲ್ಲದ ಜಾಗ ಬೇಕಿತ್ತು. ಅಂಗಡಿಯನ್ನು ತಂಗಿ ಪಿಲ್‌ಜಾಗೆ ಬಿಟ್ಟು, ಈ ಹಳ್ಳಿಯಲ್ಲಿ ಎರಡು ಕೋಣೆಯ ಮನೆ ಕೊಂಡು ಬಂದರು.

ಮೊದಲ ಬೆಳಿಗ್ಗೆಯೇ ಅವಳು ಐದಕ್ಕೆ ಎದ್ದು, ತಲೆ ಬಾಚಿ, ಜಗಲಿಯಲ್ಲಿ ರಸ್ತೆಗೆ ಮುಖ ಮಾಡಿ ಕೂತಿದ್ದಳು.

"ಯಾರನ್ನ ಕಾಯ್ತಿದೀಯ?"

"ಯಾರನ್ನೂ ಇಲ್ಲ. ಎಚ್ಚರ ಆಯ್ತು. ಏನ್ಮಾಡ್ಲಿ ಹೇಳಿ."

ನಾಲ್ಕು ವರ್ಷವೂ ಹಾಗೇ ಹೋಯಿತು. ಬೀಜ ಬಿತ್ತಿದ ಮಾರನೆಯ ದಿನವೇ ಮಣ್ಣು ಕೆದಕಿ ನೋಡುವಳು. ಹಿತ್ತಿಲ ಜಾಡಿಗಳನ್ನು ಇವತ್ತು ಎತ್ತರ ನೋಡಿ ಜೋಡಿಸಿದರೆ ನಾಳೆ ಬಣ್ಣ ನೋಡಿ ಜೋಡಿಸುವಳು. ಯಾರ ಅಂಗಿಯಲ್ಲಾದರೂ ಗುಂಡಿ ಜೋತಾಡುತ್ತಿದ್ದರೆ ದಾರಿಯಲ್ಲೇ ತಡೆದು ಹೊಲಿದು ಕಳಿಸುವಳು. ಊರಿನವರ ಬಾಯಲ್ಲಿ ಅವಳು ಗುಂಡಿ ಅಂಗಡಿಯವಳೇ ಆಗಿ ಉಳಿದಳು.

ಈ ಜನವರಿಯಲ್ಲಿ ಒಂದು ಬೆಳಿಗ್ಗೆ ಅವಳ ಪಕ್ಕದಲ್ಲಿ ಬಟ್ಟೆಯ ಚೀಲವಿತ್ತು.

"ಬುಸಾನಿಗೆ ಹೋಗ್ತೀನಿ."

"ಎಷ್ಟು ದಿನ?"

"ಗೊತ್ತಿಲ್ಲ. ನೀವು ಬೇಡ ಅಂದ್ರೆ ಹೋಗಲ್ಲ."

ಬೇಡ ಎಂಬ ಮಾತು ಅವನ ಗಂಟಲಿನವರೆಗೆ ಬಂದಿತ್ತು. "ಮೊಣಕಾಲಿಗೆ ಪಟ್ಟಿ ಕಟ್ಕೋ," ಎಂದ.

ಹನ್ನೊಂದು ದಿನದ ಮೇಲೆ ಅವಳು ಬಂದಳು. ಯಾಕೆ ಬಂದೆ ಎಂದು ಅವನು ಕೇಳಲಿಲ್ಲ. ಪಿಲ್‌ಜಾ ಫೋನಿನಲ್ಲಿ ಕೂಗಿ ಹೇಳಿದ್ದಳು: "ನಾನೇ ಬೈದು ಕಳಿಸ್ದೆ. ಇಲ್ದಿದ್ರೆ ಬರ್ತಿರಲಿಲ್ಲ."

*

ಗುಡ್ಡದ ಬುಡದಲ್ಲಿ ಬಸ್ಸು ನಿಂತಿತು. ಆರು ಜನ ಪೆಟ್ಟಿಗೆಗೆ ಹೆಗಲು ಕೊಟ್ಟರು. ಗಿತೇ ಮತ್ತು ಪಿಲ್‌ಜಾ ಹಿಂದೆ ಉಳಿದರು. ಹಿಮ ಕರಗಿ ದಾರಿ ಜಾರುತ್ತಿತ್ತು.

"ನೀನಂದಿದ್ದು ನಿಜ," ಎಂದ ಗಿತೇ. "ನನ್ನ ಹಟಕ್ಕೇ ಬಂದ್ಲು. ಜನವರೀಲಿ ನೀನು ಕಳಿಸದೇ ಇದ್ದಿದ್ರೆ ಬದುಕ್ತಿದ್ಲೇನೋ."

ಪಿಲ್‌ಜಾ ನಾಲ್ಕು ಹೆಜ್ಜೆ ನಡೆದು ನಿಂತಳು.

"ನಾನು ಕಳಿಸ್ಲಿಲ್ಲ ಭಾವ."

ಅವನು ಕೇಳಿಸುವ ಕಿವಿಯನ್ನು ಅವಳ ಕಡೆ ತಿರುಗಿಸಿದ.

"ಕಳಿಸ್ಲಿಲ್ಲ ಅಂದೆ. ಇರು ಅಂತ ಕೈ ಹಿಡ್ಕೊಂಡೆ. ಗಿರಾಕಿ ಕೋಟು ಹಿಡ್ಕೊಂಡು ನಿಂತಿದಾನೆ. ಅಕ್ಕ ಡಬ್ಬಿ ಅರ್ಧ ಎಳೆದೋಳು ಹಾಗೇ ನಿಂತ್ಬಿಟ್ಲು. 'ಮೂಲಂಗಿ ಗುಂಡಿ ಬಾಯಿ ಮುಚ್ಚಿದೀನೋ ಇಲ್ವೋ' ಅಂತಾಳೆ. ಅವನು ಕೇಳ್ತಿರೋದು ಕೋಟಿನ ಗುಂಡಿ, ಇವಳ ತಲೇಲಿ ಚಳಿಗಾಲಕ್ಕೆ ಮೂಲಂಗಿ ಹೂತಿಟ್ಟ ಗುಂಡಿ. ಭಾವನಿಗೊಂದು ಫೋನ್ ಮಾಡು ಅಂದೆ. 'ಅವರಿಗೆ ಫೋನಲ್ಲಿ ಹೇಳಿದ್ರೆ ಇನ್ನೇನೋ ಮುಚ್ತಾರೆ' ಅಂದ್ಲು. ಆ ಕಾಲಲ್ಲೇ ಬಸ್ಸಿಗೆ ಓಡಿದ್ಲು."

"ಮುಚ್ಚಿತ್ತು," ಎಂದ ಗಿತೇ. "ನಾನೇ ಮುಚ್ಚಿದ್ದೆ."

"ಬಂದು ಏನ್ಮಾಡಿದ್ಲು?"

"ತೆಗೆದ್ಲು. ನೋಡಿದ್ಲು. ಮತ್ತೆ ಮುಚ್ಚಿದ್ಲು. ಮಾರನೇ ದಿನ ಮತ್ತೆ ತೆಗೆದ್ಲು."

ಪಿಲ್‌ಜಾಗೆ ನಗು ಬಂತು. ನಗು ನಿಲ್ಲಿಸಲು ಹೋಗಿ ಬಾಯಿಗೆ ತೋಳು ಅಡ್ಡ ಹಿಡಿದಳು. ಭುಜ ಮಾತ್ರ ಅಲುಗುತ್ತಿತ್ತು.

"ಆವತ್ತೇ ನಿಮಗೆ ನಿಜ ಹೇಳಿದ್ರೆ ನೀವು ಗೆದ್ದ ಹಾಗಾಗ್ತಿತ್ತು," ಎಂದಳು ಕೊನೆಗೆ. "ನಾನೂ ಇಪ್ಪತ್ತು ವರ್ಷ ಅವಳ ಪಕ್ಕ ನಿಂತೋಳು. ನನ್ನ ಹತ್ರಾನೂ ನಿಲ್ಲಲಿಲ್ಲ."

ಗಿತೇ ಜಾರುವ ಕಡೆ ಅವಳಿಗೆ ಕೈ ಕೊಟ್ಟ.

*

ಪೆಟ್ಟಿಗೆ ಇಳಿಸಿ ಮಣ್ಣು ಎಳೆದ ಮೇಲೆ ಹಾಡಿನ ತಾಳಕ್ಕೆ ತುಳಿದು ಗಟ್ಟಿ ಮಾಡಬೇಕಿತ್ತು. ಊರಲ್ಲಿ ಅಷ್ಟು ಗಂಡಸರು ಉಳಿದಿರಲಿಲ್ಲ, ಹೆಂಗಸರೂ ಸೇರಿಕೊಂಡರು. ಅಂಚಿನಲ್ಲಿ ನಿಂತ ಬೊಂಗಿಮ್ ಅಜ್ಜಿ ಒಡಕು ದನಿಯಲ್ಲಿ ಹಾಡು ಎತ್ತಿದಳು. ಒಂದೊಂದು ಸಾಲಿಗೂ ಉಳಿದವರು ದನಿಗೂಡಿಸಿ, ಸುತ್ತು ಹಾಕುತ್ತ, ಒಟ್ಟಿಗೆ ಹೆಜ್ಜೆ ಊರಿದರು. ಪಿಲ್‌ಜಾ ಪೇಟೆಯ ಚಪ್ಪಲಿಯಲ್ಲೇ ಇಳಿದಳು. ಎರಡನೆಯ ಸುತ್ತಿಗೆ ಒಂದು ಚಪ್ಪಲಿ ಮಣ್ಣಲ್ಲಿ ಕಚ್ಚಿಕೊಂಡಿತು. ಇನ್ನೊಂದನ್ನೂ ಬಿಟ್ಟು ಕಾಲುಚೀಲದಲ್ಲೇ ತುಳಿದಳು. ಅವಳೆದುರಿಗೆ ಗಿತೇ ತುಳಿಯುತ್ತಿದ್ದ. ತಾಳ ಅವನಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವಳ ಕಾಲು ನೋಡಿ ಹೆಜ್ಜೆ ಹಾಕುತ್ತಿದ್ದ.

ಹಾಡು ಮುಗಿಯಿತು. ಎಲ್ಲರೂ ನಿಂತು ಬೆವರು ಒರೆಸಿಕೊಂಡರು. ಪಿಲ್‌ಜಾಳ ಕಾಲು ನಿಲ್ಲಲಿಲ್ಲ, ಹಾಗಾಗಿ ಗಿತೇಯ ಕಾಲೂ ನಿಲ್ಲಲಿಲ್ಲ.

ಬೊಂಗಿಮ್ ಅಜ್ಜಿ ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿದಳು. ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲ ಸಾಲಿನಿಂದ ಎತ್ತಿದಳು.