ಡ್ಯೂಟಿ ಲಿಸ್ಟ್ ಬರೆದವರು ಯಾರು

ಬೆಳಗಿನ ಹತ್ತು ಗಂಟೆಗೆ ಮಕ್ಕಳ ವಾರ್ಡಿನ ಒಂಬತ್ತನೆಯ ಹಾಸಿಗೆಯಲ್ಲಿದ್ದ ಮಗುವಿಗೆ ಜ್ವರ ಏರಿ ಫಿಟ್ಸ್ ಬಂತು. ವಾರ್ಡಿನಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದವಳು ಹತ್ತಿರದಲ್ಲೇ ಇದ್ದಳು. ಮಗುವನ್ನು ಮಗ್ಗುಲಿಗೆ ಹೊರಳಿಸಿದಳು. ಬಾಯಿ ಒರೆಸಿ ಆಕ್ಸಿಜನ್ ಹಿಡಿದಳು. ಗೋಡೆ ಗಡಿಯಾರ ನೋಡಿ ಹೊತ್ತು ಗುರುತಿಟ್ಟುಕೊಂಡಳು. ನಡುಗುತ್ತಿದ್ದ ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿದಳು. ಇಷ್ಟೂ ಒಂದು ನಿಮಿಷದೊಳಗೆ. ಆಮೇಲೆ ತಲೆಯೆತ್ತಿ ಜೋರಾಗಿ ಹೇಳಿದಳು:

"ಯಾರಾದ್ರೂ ಬೇಗ ಡಾಕ್ಟರನ್ನ ಕರೀರಿ."

ಯಾರೂ ಕದಲಲಿಲ್ಲ. ಸಿರಿಂಜ್ ಹಿಡಿದು ನಿಂತಿದ್ದ ಚಿಕ್ಕ ನರ್ಸ್ ಮೆಲ್ಲಗೆ ಅಂದಳು, "ಅಕ್ಕಾ, ಡಾಕ್ಟರು ನೀವೇ."

ಅಕ್ಕ ತಾನು ತೊಟ್ಟಿದ್ದ ಬಿಳಿ ಕೋಟನ್ನು ಒಮ್ಮೆ ನೋಡಿಕೊಂಡಳು. ಮರುಕ್ಷಣವೇ ಮಗುವಿನ ತೂಕ, ಔಷಧಿ, ಪ್ರಮಾಣ ಎಲ್ಲ ಸರಿಯಾಗಿ ಹೇಳಿದಳು. ಎರಡು ನಿಮಿಷದಲ್ಲಿ ಫಿಟ್ಸ್ ನಿಂತಿತು. ಮಗು ನಿದ್ದೆ ಹೋಯಿತು. ಎಲ್ಲವೂ ಸುಸೂತ್ರವಾಯಿತು, ಒಂದನ್ನು ಬಿಟ್ಟು. ವಾರ್ಡಿನ ಮುಖ್ಯಸ್ಥೆ ಬಾಗಿಲಲ್ಲಿ ನಿಂತು ಮೊದಲಿನಿಂದ ಕೊನೆಯವರೆಗೂ ನೋಡಿದ್ದರು.

ಅಕ್ಕ ಹತ್ತೊಂಬತ್ತು ವರ್ಷಕ್ಕೆ ಇದೇ ಆಸ್ಪತ್ರೆಗೆ ನರ್ಸಾಗಿ ಬಂದವಳು. ಹದಿನೆಂಟು ವರ್ಷ ಆ ಕೆಲಸ ಮಾಡಿದಳು. ಮೂವತ್ತೇಳಕ್ಕೆ ಪರೀಕ್ಷೆ ಬರೆದು ಮೆಡಿಕಲ್ ಕಾಲೇಜು ಸೇರಿದಳು. ಮಗಳು ಹೈಸ್ಕೂಲಿನ ಪುಸ್ತಕ ಹಿಡಿದು ಕೂತ ಮೇಜಿನ ಇನ್ನೊಂದು ತುದಿಯಲ್ಲಿ ಅವಳು ಅಂಗರಚನೆ ಓದುತ್ತಿದ್ದಳು. ಬಸ್ ಡ್ರೈವರ್ ಆಗಿದ್ದ ಗಂಡ ಸಿಕ್ಕವರಿಗೆಲ್ಲ "ನಮ್ಮನೇಲಿ ಇಬ್ಬರು ಹುಡುಗಿಯರು ಓದ್ತಿದ್ದಾರೆ" ಅನ್ನುತ್ತಿದ್ದ. ಈಗ ಅವಳಿಗೆ ನಲವತ್ತೆರಡು. ಇಂಟರ್ನ್. ಇದು ಕೊನೆಯ ತಿಂಗಳು.

ವಾರ್ಡಿನಲ್ಲಿದ್ದ ಉಳಿದ ಐದು ಇಂಟರ್ನ್‌ಗಳಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಮೊದಲ ದಿನ ಅವರು ಅವಳನ್ನು ಆಂಟಿ ಎಂದರು. ಆಂಟಿ ಅಂದವರಿಗೆ ಮಕ್ಕಳ ಕೈಗೆ ಡ್ರಿಪ್ ಹಾಕುವುದನ್ನು ಹೇಳಿಕೊಡುವುದಿಲ್ಲ ಎಂದಳು. ಸಂಜೆಯೊಳಗೆ ಅಕ್ಕ ಆದಳು. ಆಮೇಲೆ ನರ್ಸುಗಳಿಗೂ ಅಕ್ಕ, ಕಸ ಗುಡಿಸುವವರಿಗೂ ಅಕ್ಕ.

ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಅನ್ನುತ್ತಿದ್ದರು. ಅವರು ನಕ್ಕದ್ದನ್ನು ಕಂಡವರು ಇರಲಿಲ್ಲ. ಆ ಮಧ್ಯಾಹ್ನ ಅಕ್ಕನನ್ನು ಕರೆದು ಮೌಲ್ಯಮಾಪನದ ಹಾಳೆ ತೋರಿಸಿದರು. ಹಾಜರಾತಿ, ಓದು, ಕೈಕೆಲಸ, ರೋಗಿಗಳೊಡನೆ ನಡವಳಿಕೆ, ನಾಲ್ಕಕ್ಕೂ 'ಅತ್ಯುತ್ತಮ'. ಕೊನೆಯ ಸಾಲಿನಲ್ಲಿ 'ಸ್ವತಂತ್ರವಾಗಿ ನಿರ್ಧಾರ ತೆಗೆದುಕೊಳ್ಳಬಲ್ಲರೇ?' ಎಂದಿತ್ತು. ಅದರ ಮುಂದೆ ಖಾಲಿ.

"ನಿಮಗೆ ಎಲ್ಲ ಗೊತ್ತು," ಎಂದರು ಮೇಡಂ. "ಆದ್ರೆ ಪ್ರತಿ ಸಲ ಬಾಗಿಲ ಕಡೆ ನೋಡ್ತೀರಿ, ಯಾರಾದ್ರೂ ಬಂದು ಹೇಳ್ಲಿ ಅಂತ. ಮುಂದೆ ಬರೋರು ಯಾರೂ ಇರಲ್ಲ."

"ಹದಿನೆಂಟು ವರ್ಷದ ಅಭ್ಯಾಸ ಮೇಡಂ."

"ಗೊತ್ತು. ತಿಂಗಳ ಕೊನೆವರೆಗೂ ಕಾಯ್ತೀನಿ. ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ."

ಅದರ ಅರ್ಥ ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಇದೇ ವಿಭಾಗದಲ್ಲಿ ಮಕ್ಕಳ ವೈದ್ಯೆಯಾಗುವ ತರಬೇತಿಗೆ ಅವಳಿಗೆ ಸೀಟು ಸಿಕ್ಕಿತ್ತು. ಮುಂದಿನ ತಿಂಗಳು ಒಂದನೇ ತಾರೀಕು ಸೇರಬೇಕು. ಆ ಸಾಲು ತುಂಬದಿದ್ದರೆ ಇನ್ನೂ ಮೂರು ತಿಂಗಳು ಇಂಟರ್ನ್. ಸೀಟು ಪಟ್ಟಿಯಲ್ಲಿ ಅವಳ ನಂತರದವರ ಪಾಲು. ಅವಳಿಗೆ ಈ ವಾರ್ಡು ಬಿಟ್ಟು ಬೇರೆ ಯಾವುದೂ ಬೇಕಿರಲಿಲ್ಲ. ಬೇರೆ ವಾರ್ಡುಗಳಲ್ಲಿ ರೋಗಿಗಳು ಗುಣವಾಗಿ ಕೈಮುಗಿದು ಹೋಗುತ್ತಾರೆ. ಇಲ್ಲಿ ಗುಣವಾದವರು ಮೊದಲು ಬಂದು ನಿಮ್ಮ ಸ್ಟೆತಸ್ಕೋಪ್ ಕಿತ್ತುಕೊಳ್ಳುತ್ತಾರೆ.

ಸುದ್ದಿ ತಿಳಿದ ಹುಡುಗರು ಕ್ಯಾಂಟೀನಿನಲ್ಲಿ ಅವಳಿಗೆ ತರಬೇತಿ ಶುರು ಮಾಡಿದರು. ಮುಂದಾಳುಗಳು ಇಬ್ಬರು. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರದ ಹುಡುಗ, ಅವನನ್ನು ಎಲ್ಲರೂ ಒಂಟೆ ಅನ್ನುತ್ತಿದ್ದರು. ಇನ್ನೊಬ್ಬಳು ಬಾಯಿಗೆ ಬೀಗವಿಲ್ಲದ ಪಟಾಕಿ.

"ಅಕ್ಕಾ, ನಾನು ಪೇಷಂಟು," ಎಂದು ಪಟಾಕಿ ಬೆಂಚಿನ ಮೇಲೆ ಹೊಟ್ಟೆ ಹಿಡಿದು ಮುದುಡಿದಳು. "ಏನ್ ಮಾಡ್ತೀರಿ?"

"ಎಲ್ಲಿ ನೋವು ಅಂತ ಕೇಳ್ತೀನಿ. ನಾಡಿ ನೋಡ್ತೀನಿ. ಹೊಟ್ಟೆ ಮುಟ್ಟಿ ನೋಡ್ತೀನಿ."

"ಆಮೇಲೆ?"

"ಆಮೇಲೆ ಡ್ಯೂಟಿ ಡಾಕ್ಟರಿಗೆ ತಿಳಿಸ್ತೀನಿ."

ಪಟಾಕಿ ಬೆಂಚಿನಿಂದ ಜಾರಿ ಬಿದ್ದು ನಕ್ಕಳು. ಒಂಟೆ ಹಣೆ ಚಚ್ಚಿಕೊಂಡ. ಇನ್ನು ಮುಂದೆ ಅಕ್ಕ 'ತಿಳಿಸ್ತೀನಿ' ಅಥವಾ 'ಕೇಳ್ತೀನಿ' ಅಂದಾಗಲೆಲ್ಲ ಎಲ್ಲರಿಗೂ ಟೀ ಕೊಡಿಸಬೇಕೆಂದು ತೀರ್ಮಾನವಾಯಿತು. "ಸರಿ, ಮೇಡಂನ ಒಂದು ಮಾತು ಕೇಳ್ತೀನಿ" ಎಂದಳು ಅಕ್ಕ. ಮೊದಲ ಟೀ ಅಲ್ಲೇ ಬಂತು. ಮೂರು ದಿನ ಇಡೀ ವಾರ್ಡು ಅವಳ ದಂಡದ ಟೀ ಕುಡಿಯಿತು.

ಮನೆಯಲ್ಲೂ ಅದೇ ಕತೆ.

"ಇಪ್ಪತ್ತು ವರ್ಷದಿಂದ ಬಸ್ ಓಡಿಸ್ತೀನಿ," ಎಂದ ಗಂಡ. "ತಿರುವು ಬಂದಾಗ ಹಿಂದೆ ಕೂತಿರೋ ಅರವತ್ತು ಜನರನ್ನ ಕೇಳ್ಕೊಂಡು ಸ್ಟೀರಿಂಗ್ ತಿರುಗಿಸ್ತೀನಾ?"

"ಕೇಳದೆ ತಿರುಗಿಸಿ ಡಿಪೋ ಗೋಡೆ ಕೆಡವಿದ್ದೂ ಗೊತ್ತು," ಎಂದಳು ಅಕ್ಕ.

"ಅದು ಒಂದೇ ಸಲ."

"ಗೋಡೆಗೂ ಒಂದೇ ಸಲ ಸಾಕಾಯ್ತಲ್ಲ ಅಪ್ಪಾ," ಎಂದಳು ಮಗಳು.

ನಾಲ್ಕನೆಯ ದಿನ ದೊಡ್ಡ ಮೇಡಂ ಒಂದು ಸಮ್ಮೇಳನಕ್ಕೆಂದು ವಾರದ ಮಟ್ಟಿಗೆ ಬೇರೆ ಊರಿಗೆ ಹೋದರು. ಅವರು ಬರುವುದು ತಿಂಗಳ ಕೊನೆಯ ದಿನವೇ. ಇನ್ನು ತಾನು ನಿರ್ಧಾರ ತೆಗೆದುಕೊಂಡರೂ ನೋಡುವವರು ಯಾರು ಎಂದು ಅಕ್ಕ ಸುಮ್ಮನಾದಳು.

ಆಗ ಇಂಟರ್ನ್‌ಗಳ ಡ್ಯೂಟಿ ಹೇಗಿತ್ತೆಂದರೆ, ಇವತ್ತು ಬೆಳಿಗ್ಗೆ ಎಂಟಕ್ಕೆ ಬಂದವರು ನಾಳೆ ಸಂಜೆ ನಾಲ್ಕಕ್ಕೆ ಮನೆಗೆ. ಮೂರು ದಿನಕ್ಕೊಮ್ಮೆ ಹಾಗೆ. ಅದು ಎಂದಿನಿಂದ ಬಂದದ್ದೋ ಯಾರಿಗೂ ಗೊತ್ತಿರಲಿಲ್ಲ.

ಮೇಡಂ ಹೋದ ಮರುದಿನ ಹನ್ನೊಂದು ಗಂಟೆ. ಒಂಟೆ ಡ್ಯೂಟಿಗೆ ಬಂದು ಇಪ್ಪತ್ತೇಳು ಗಂಟೆಯಾಗಿತ್ತು. ಔಷಧಿಯ ಫ್ರಿಜ್ಜಿಗೆ ಒರಗಿ ನಿಂತಿದ್ದ. ಕಣ್ಣು ತೆರೆದೇ ಇತ್ತು.

"ಕುದುರೆ ನಿಂತ್ಕೊಂಡೇ ನಿದ್ದೆ ಮಾಡುತ್ತೆ ಅಂತ ಕೇಳಿದ್ದೆ," ಎಂದಳು ಚಿಕ್ಕ ನರ್ಸ್. "ಒಂಟೆನೂ ಮಾಡುತ್ತೆ ನೋಡಿ."

ಅಕ್ಕ ನಗುತ್ತ ಅವಳ ಕೈಯಲ್ಲಿದ್ದ ಚಾರ್ಟ್ ತೆಗೆದುಕೊಂಡಳು. ಇಂಜೆಕ್ಷನ್ ಕೊಡುವ ಮುನ್ನ ಚಾರ್ಟನ್ನು ಇನ್ನೊಮ್ಮೆ ಓದುವುದು ನರ್ಸಾಗಿದ್ದಾಗಿನಿಂದಲೂ ಅವಳ ರೂಢಿ. ಮೂರನೆಯ ಹಾಸಿಗೆ. ಆರು ಕೆ.ಜಿ. ತೂಕದ ಕೂಸು. ಬರೆದಿದ್ದ ಪ್ರಮಾಣ ಹದಿನೆಂಟು ಕೆ.ಜಿ.ಯದು. ಪಕ್ಕದ ಹಾಸಿಗೆಯ ಹುಡುಗನ ತೂಕ ಇಲ್ಲಿ ಬಂದು ಕೂತಿತ್ತು. ಮೂರು ಪಟ್ಟು. ಕೂಸಿನ ಕಿವಿಯನ್ನೇ ಕೆಡಿಸಬಲ್ಲ ಔಷಧಿ.

ನಗು ಅಲ್ಲೇ ನಿಂತಿತು. ಅಕ್ಕ ಆ ಪ್ರಮಾಣವನ್ನು ಹೊಡೆದುಹಾಕಿ ಸರಿಯಾದದ್ದನ್ನು ಬರೆದು ಸಹಿ ಹಾಕಿದಳು. ಒಂಟೆಯ ತೋಳು ಹಿಡಿದು ಎಬ್ಬಿಸಿ ಚಾರ್ಟ್ ತೋರಿಸಿದಳು. ಅವನು ತಾನೇ ಬರೆದದ್ದನ್ನು ಮತ್ತೆ ಓದಿದ.

"ಕೊಟ್ಟಾಯ್ತಾ?"

"ಇಲ್ಲ. ಕೂಸು ಚೆನ್ನಾಗಿದೆ."

"ನಾನೇ ಮೇಡಂಗೆ ಬರೆದುಕೊಡ್ತೀನಿ ಅಕ್ಕಾ."

"ಕೊಡು. ಮೊದಲು ಹೋಗಿ ಮಲಗು."

"ನಾಲ್ಕರವರೆಗೂ ಡ್ಯೂಟಿ..."

"ಮಲಗು ಅಂದೆ."

ಡಾಕ್ಟರುಗಳ ಕೋಣೆಯ ಮಂಚ ಅವನಿಗೆ ಸಾಲಲಿಲ್ಲ. ಬಾಗಿಲಿನಾಚೆ ಎರಡು ಪಾದಗಳು ಸಂಜೆಯವರೆಗೂ ಕಾಣುತ್ತಿದ್ದವು. ಅವನ ಹಾಸಿಗೆಗಳನ್ನೂ ಅಕ್ಕನೇ ನೋಡಿಕೊಂಡಳು. ಆಮೇಲೆ ಬೋರ್ಡಿನ ಮೇಲಿದ್ದ ಡ್ಯೂಟಿ ಲಿಸ್ಟ್ ಕಿತ್ತು, ಮಗುಚಿ, ಹಿಂಬದಿಯಲ್ಲಿ ಗೆರೆ ಎಳೆದಳು. ನರ್ಸುಗಳ ಡ್ಯೂಟಿ ಲಿಸ್ಟನ್ನು ಹನ್ನೊಂದು ವರ್ಷ ಬರೆದ ಕೈ ಅದು. ಆರು ಜನ. ಬೆಳಿಗ್ಗೆ ಇಬ್ಬರು, ಮಧ್ಯಾಹ್ನದಿಂದ ಇಬ್ಬರು, ರಾತ್ರಿಗೆ ಒಬ್ಬರು, ರಾತ್ರಿ ಮುಗಿಸಿದವರಿಗೆ ರಜೆ. ಯಾರಿಗೂ ಹನ್ನೆರಡು ಗಂಟೆಗಿಂತ ಹೆಚ್ಚಿಲ್ಲ. ಇಪ್ಪತ್ತು ನಿಮಿಷದ ಕೆಲಸ. ಪಿನ್ನು ಚುಚ್ಚಿ ಊಟಕ್ಕೆ ಹೋದಳು.

ಎರಡೇ ದಿನದಲ್ಲಿ ವಾರ್ಡಿನ ಬಣ್ಣ ಬದಲಾಯಿತು. ಒಂಟೆ ಗಡ್ಡ ಬೋಳಿಸಿಕೊಂಡು ಬಂದ. ಅವನಿಗೆ ಗಲ್ಲದಲ್ಲಿ ಗುಳಿ ಬೀಳುತ್ತದೆಂದು ಅವತ್ತೇ ಗೊತ್ತಾದದ್ದು. ಪಟಾಕಿ ತಲೆಸ್ನಾನ ಮಾಡಿ ಕೂದಲು ಹರವಿಕೊಂಡು ಬಂದಾಗ ಮಕ್ಕಳು ಹೊಸ ಡಾಕ್ಟರ್ ಬಂದರೆಂದು ಅತ್ತವು. ಇನ್ನೊಬ್ಬ ಹುಡುಗ ಹಗಲು ಹೊತ್ತಿನಲ್ಲಿ ಮನೆಗೆ ಹೋದನಂತೆ. ಅವನ ತಾಯಿ ಬಾಗಿಲು ತೆರೆದು ಯಾರು ಬೇಕಿತ್ತು ಅಂದಳಂತೆ. ಬೆಳಗಿನ ಸುತ್ತಿನಲ್ಲಿ ಯಾರೂ ಆಕಳಿಸಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಬರುತ್ತಿತ್ತು. ಐದನೆಯ ಹಾಸಿಗೆಯ ಹುಡುಗಿಗೆ ಒಂಟೆ ಕಾಗದದ ಹಡಗು ಮಾಡಿಕೊಟ್ಟ. ಅದನ್ನು ಕಂಡು ಉಳಿದ ಹನ್ನೊಂದು ಹಾಸಿಗೆಗಳಿಂದಲೂ ಬೇಡಿಕೆ ಬಂತು. ಪಟಾಕಿಯನ್ನೂ ಮಡಿಸಲು ಕೂರಿಸಿದರು.

ಅಕ್ಕನಿಗೆ ಮಾತ್ರ ತಾನೇನೋ ಮಾಡಿದ್ದೇನೆಂಬ ಅರಿವೇ ಇರಲಿಲ್ಲ. ಅವಳು ಆ ಖಾಲಿ ಸಾಲನ್ನು ನೆನೆಯುತ್ತ ದಿನ ಎಣಿಸುತ್ತಿದ್ದಳು.

ಕೊನೆಯ ದಿನ ಅಕ್ಕನ ಹಾಳೆ ಏನಾಗುತ್ತದೋ ಎಂದು ಡ್ಯೂಟಿ ಇಲ್ಲದ ಇಂಟರ್ನ್‌ಗಳೂ ವಾರ್ಡಿಗೆ ಬಂದಿದ್ದರು. ಮಧ್ಯಾಹ್ನ ದೊಡ್ಡ ಮೇಡಂ ಬಂದರು. ಬೋರ್ಡಿನ ಮುಂದೆ ನಿಂತವರು ಅಲ್ಲಿಂದ ಅಲುಗಲಿಲ್ಲ.

"ಈ ಡ್ಯೂಟಿ ಲಿಸ್ಟ್ ಬರೆದವರು ಯಾರು?"

"ಎಲ್ಲರೂ ಸೇರಿ ಮೇಡಂ," ಎಂದಳು ಪಟಾಕಿ.

"ನಾನು ಮೇಡಂ," ಎಂದ ಒಂಟೆ.

"ನಿಮ್ಮ ಅಕ್ಷರ ನಂಗೆ ಗೊತ್ತು. ಇದು ಓದೋಕೆ ಬರ್ತಿದೆ."

"ನಾನು ಬರೆದದ್ದು," ಎಂದಳು ಅಕ್ಕ. ಆಗಲೇ ಅವಳಿಗೆ ಹೊಳೆದದ್ದು. ಮುಖ್ಯಸ್ಥರ ಸಹಿಯಿದ್ದ ಕಾಗದ ಅದು. ಅದನ್ನು ಮಗುಚಿ ಬರೆದಿದ್ದಳು.

ಕೋಣೆಯಲ್ಲಿ ಮೇಡಂ ಆ ಹಾಳೆಯನ್ನು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಒಂಟೆ ಬರೆದುಕೊಟ್ಟ ತಪ್ಪೊಪ್ಪಿಗೆ. ಅದರ ಪಕ್ಕದಲ್ಲಿ ಮೌಲ್ಯಮಾಪನದ ಹಾಳೆ.

"ಇದನ್ನ ಬದಲಾಯಿಸೋ ಮುಂಚೆ ಯಾರನ್ನ ಕೇಳಿದ್ರಿ?"

ಅಕ್ಕ ಯೋಚಿಸಿದಳು. "ಯಾರನ್ನೂ ಕೇಳ್ಲಿಲ್ಲ."

"ನನ್ನ ಹತ್ರ ಫೋನಿತ್ತು."

"ನೆನಪಾಗ್ಲಿಲ್ಲ ಮೇಡಂ."

"ನೆನಪಾಗಿದ್ರೆ?"

ಅಕ್ಕ ಮತ್ತೆ ಯೋಚಿಸಿದಳು. ಸುಳ್ಳು ಹೇಳಿದರೆ ಸೀಟು ಉಳಿದೀತು. ಆದರೆ ಯಾವ ಸುಳ್ಳು ಉಪಯೋಗಕ್ಕೆ ಬರುತ್ತದೆಂದು ಅವಳಿಗೆ ಹೊಳೆಯಲಿಲ್ಲ. "ನೆನಪಾಗಿದ್ರೂ ಮೊದಲು ಇದನ್ನ ಹಾಕಿ ಆಮೇಲೆ ಫೋನ್ ಮಾಡ್ತಿದ್ದೆ. ಆ ಕೂಸು ಆರು ಕೆ.ಜಿ. ಮೇಡಂ. ಅವತ್ತು ಬಚಾವಾಯ್ತು. ನಿದ್ದೆಗೆಟ್ಟವರು ಇನ್ನೂ ಐದು ಜನ ಇದ್ರು."

"ನಾವೆಲ್ಲ ಹಾಗೇ ಕಲಿತಿದ್ದು. ಮೂವತ್ತೆರಡು ಗಂಟೆ."

"ಗೊತ್ತು. ನೀವು ಟ್ರೇನಿಂಗಲ್ಲಿದ್ದಾಗ ನಾನಿಲ್ಲಿ ಹೊಸ ನರ್ಸು. ಒಂದು ಸಲ ನೀವು ಬಟ್ಟೆ ಕೋಣೆಯಲ್ಲಿ ಬೆಡ್‌ಶೀಟಿನ ಗಂಟಿನ ಮೇಲೆ ಮಲಗಿಬಿಟ್ಟಿದ್ರಿ."

ಮೇಡಂ ಕನ್ನಡಕ ತೆಗೆದರು. "ನಿಮಗ್ಹೇಗೆ ಗೊತ್ತು?"

"ಬಾಗಿಲು ಹಾಕಿ ಹೊರಗೆ ಸ್ಟೂಲ್ ಹಾಕ್ಕೊಂಡು ಕೂತಿದ್ದೆ."

"ಎರಡು ಗಂಟೆ ಹೊತ್ತು ನನ್ನನ್ನ ಯಾರೂ ಹುಡುಕ್ಲಿಲ್ಲ. ಹೇಗೆ ಅಂತ ಇವತ್ತಿಗೂ ಅರ್ಥವಾಗಿರ್ಲಿಲ್ಲ."

"ಹುಡುಕಿದ್ರು. ಮೂರು ಸಲ. ಎಕ್ಸ್‌ರೇಗೆ ಹೋಗಿದ್ದಾರೆ ಅಂದೆ."

"ಮೂರು ಸಲಾನೂ ಎಕ್ಸ್‌ರೇನಾ?"

"ಮೂರನೇ ಸಲ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದಾರೆ ಅಂದೆ."

ದೊಡ್ಡ ಮೇಡಂ ನಕ್ಕರು. ಮೊದಲು ಭುಜ ಕುಲುಕಿತು, ಆಮೇಲೆ ಸದ್ದು ಬಂತು. ಬಾಗಿಲಿನ ಆಚೆ ಕಿವಿಯಿಟ್ಟಿದ್ದ ಐವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ನಗುವೋ ಕೆಮ್ಮೋ ಎಂದು ಅವರಿಗೆ ತಿಳಿಯಲಿಲ್ಲ.

"ಇಪ್ಪತ್ತು ವರ್ಷಕ್ಕೇ ನಿಮಗೆ ಇಷ್ಟು ಧೈರ್ಯ ಇತ್ತು," ಎಂದರು ಮೇಡಂ ಕಣ್ಣು ಒರೆಸಿಕೊಳ್ಳುತ್ತ. "ನಾನು ಅದನ್ನ ರೋಗಿಗಳ ಹಾಸಿಗೆ ಪಕ್ಕದಲ್ಲಿ ಮಾತ್ರ ಹುಡುಕ್ತಿದ್ದೆ."

ಪೆನ್ನು ತೆಗೆದು ಆ ಖಾಲಿ ಜಾಗದಲ್ಲಿ 'ಹೌದು' ಎಂದು ಬರೆದರು. ಸಹಿ ಹಾಕಿದರು. ಹಾಳೆಯನ್ನು ಅಕ್ಕನ ಕಡೆ ತಳ್ಳಿದರು. ಅಕ್ಕ ಅದನ್ನು ಎರಡು ಸಲ ಓದಿದಳು. ಎರಡಕ್ಷರ ಓದಲು ಅಷ್ಟು ಹೊತ್ತು ಬೇಕಾಯಿತು.

ಆಮೇಲೆ ಮೇಡಂ ಕಪಾಟಿನಿಂದ ಒಂದು ಫೈಲು ತೆಗೆದು ಅವಳ ಮುಂದಿಟ್ಟರು. ಇಡೀ ಆಸ್ಪತ್ರೆಯ ಉಳಿದ ನಾಲ್ಕು ವಿಭಾಗಗಳ ಇಂಟರ್ನ್ ಡ್ಯೂಟಿ ಲಿಸ್ಟುಗಳು.

"ಇವನ್ನೂ ಹಾಗೇ ಮಾಡಿ. ಆ ಮುಖ್ಯಸ್ಥರ ಹತ್ರ ನಾನು ಮಾತಾಡ್ತೀನಿ. ನಾಳೆ ಬೆಳಿಗ್ಗೆ ನನ್ನ ಮೇಜಿನ ಮೇಲಿರ್ಲಿ."

ಅಕ್ಕ ಫೈಲು ಎತ್ತಿಕೊಂಡು ಪುಟಗಳನ್ನು ಸರಿಮಾಡಿದಳು.

"ನಾಳೆ ಆಗಲ್ಲ ಮೇಡಂ. ಇವತ್ತು ರಾತ್ರಿ ನಂದು ಡ್ಯೂಟಿ. ನಾಳೆ ಬೆಳಿಗ್ಗೆ ಸೇರೋ ಕಾಗದಕ್ಕೆ ಸಹಿ ಹಾಕಿ ಮನೆಗೆ ಹೋಗಿ ಮಲಗ್ತೀನಿ. ನಾಡಿದ್ದು ಕೊಡ್ತೀನಿ."

ದೊಡ್ಡ ಮೇಡಂ ಅವಳನ್ನೇ ನೋಡಿದರು. ಕ್ಯಾಲೆಂಡರಿನ ಹಾಳೆ ಮಗುಚಿದರು.

"ನಾಡಿದ್ದು ಎಷ್ಟು ಗಂಟೆಗೆ?"

"ಹನ್ನೊಂದಕ್ಕೆ," ಎಂದಳು ಅಕ್ಕ.

ಮೇಡಂ ಬರೆದುಕೊಂಡರು.