ಮೈಕು ಹಿಡಿದ ದೊಡ್ಡಮ್ಮ

ಇಪ್ಪತ್ತೆರಡು ನಿಮಿಷದ ರೆಕಾರ್ಡಿಂಗಿನಲ್ಲಿ ದೊಡ್ಡಪ್ಪನ ಪಾಲಿಗೆ ಬಂದಿದ್ದು ನಾಲ್ಕು ‘ಹೂಂ’, ಒಂದು ಕೆಮ್ಮು. ಉಳಿದಿದ್ದೆಲ್ಲ ದೊಡ್ಡಮ್ಮ. ಹೊಲಿಗೆ ಮಷೀನು ರಿಪೇರಿ ಮಾಡುವವರು ದೊಡ್ಡಪ್ಪ, ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತು ವರ್ಷದಿಂದ ಅಂಗಡಿ ಇಟ್ಟವರು ದೊಡ್ಡಪ್ಪ, ಕಾಲೇಜಿನ ಪ್ರಾಜೆಕ್ಟಿಗೆ ಪುಟ್ಟಿ ಸಂದರ್ಶನ ಮಾಡಬೇಕಾಗಿದ್ದೂ ಅವರನ್ನೇ. ಆದರೆ ಪ್ರಶ್ನೆ ಅವರ ಕಿವಿ ಮುಟ್ಟುವ ಮೊದಲೇ ಉತ್ತರ ದೊಡ್ಡಮ್ಮನ ಬಾಯಿಂದ ಹೊರಬಿದ್ದಿರುತ್ತಿತ್ತು.

“ಮೇಷ್ಟ್ರು ಇಡೀ ಕ್ಲಾಸಿಗೆ ಕೇಳಿಸಿದ್ರು ದೊಡ್ಡಮ್ಮ,” ಎಂದಳು ಪುಟ್ಟಿ. ದೊಡ್ಡಮ್ಮನ ತಂಗಿಯ ಮಗಳು, ಕಾಲೇಜಿನಲ್ಲಿ ಮಾಧ್ಯಮ ಓದುವವಳು. “ಇದರಲ್ಲಿ ಮಷೀನು ರಿಪೇರಿಯವರು ಯಾರಮ್ಮಾ, ಆ ಕೆಮ್ಮಿದೋರಾ ಅಂತ ಕೇಳಿದ್ರು. ಎಲ್ಲಾ ಬಿದ್ದು ಬಿದ್ದು ನಕ್ರು.”

“ಆ ಮೇಷ್ಟ್ರಿಗೇನು ಗೊತ್ತು ಮಣ್ಣು! ನಾನು ಹೇಳಿದ್ರಲ್ಲಿ ಒಂದಾದ್ರೂ ಸುಳ್ಳಿತ್ತಾ?”

“ಸುಳ್ಳೋ ನಿಜವೋ, ನಾಳೆ ಸಂಜೆಯೊಳಗೆ ಹದಿನೈದು ನಿಮಿಷ ದೊಡ್ಡಪ್ಪನ ದನೀಲೇ ಬೇಕು. ಇಲ್ದಿದ್ರೆ ಫೇಲು. ನನ್ನ ಒಂದು ವರ್ಷ ಹೋಗುತ್ತೆ.” ಅಷ್ಟು ಹೇಳುವಷ್ಟರಲ್ಲಿ ಪುಟ್ಟಿಯ ಕಣ್ಣು ತುಂಬಿತು.

ದೊಡ್ಡಮ್ಮ ಸೆರಗಿನಿಂದ ಅವಳ ಕಣ್ಣೊರೆಸಿದಳು. ಎತ್ತಿ ಆಡಿಸಿದ ಕೂಸು ತನ್ನ ಬಾಯಿಂದಾಗಿ ಫೇಲಾಗುವುದೆಂದರೇನು? ಹಾಗಂತ ತನ್ನದು ತಪ್ಪು ಎಂದು ಒಪ್ಪಿಕೊಳ್ಳುವುದಕ್ಕೂ ಮನಸ್ಸು ಬರಲಿಲ್ಲ. ದೊಡ್ಡಪ್ಪ ಒಂದು ಮಾತು ಶುರು ಮಾಡಿದರೆ ಎರಡನೇ ಪದ ಬರುವಷ್ಟರಲ್ಲಿ ಹಾಲು ಉಕ್ಕಿ, ಒಲೆ ಆರಿ, ಕಟ್ಟೆ ಒರೆಸಿಯೂ ಆಗಿರುತ್ತಿತ್ತು. ಪಾಪದ ಮನುಷ್ಯ ಪದಕ್ಕೆ ತಡಕಾಡುವುದನ್ನು ನೋಡಲಾರದೆ ಮದುವೆಯಾದ ಹೊಸದರಲ್ಲಿ ಒಂದೊಂದೇ ಪದ ಎತ್ತಿಕೊಟ್ಟಳು. ಬರಬರುತ್ತ ಅರ್ಧ ವಾಕ್ಯ, ಆಮೇಲೆ ಪೂರಾ ವಾಕ್ಯ. ಇಪ್ಪತ್ತೆಂಟು ವರ್ಷವಾಯಿತು, ಈಗ ಅವರು ಬಾಯಿ ತೆರೆಯುವ ತೊಂದರೆಯೇ ಇಲ್ಲ. ಇದಕ್ಕಿಂತ ಹೆಚ್ಚಿಗೆ ಒಬ್ಬ ಹೆಂಡತಿ ಇನ್ನೇನು ಮಾಡಬೇಕು, ಹೇಳಿ!

ಮರುದಿನ ಪುಟ್ಟಿ ನೋಟುಬುಕ್ಕು ಹಿಡಿದು ಬೆಳಿಗ್ಗೆಯೇ ಬಂದಳು. ಅವಳು ಚೀಲ ಬಿಚ್ಚುತ್ತಿದ್ದಾಗ ದೊಡ್ಡಮ್ಮ ಪುಟ ತಿರುವಿ ನೋಡಿದಳು. ‘ಸದ್ದು ಮಾಡುವ ವಸ್ತುಗಳು’ ಎಂಬ ತಲೆಬರಹದ ಕೆಳಗೆ ಫ್ಯಾನು, ಫ್ರಿಜ್ಜು, ಗೋಡೆ ಗಡಿಯಾರ, ದೊಡ್ಡಮ್ಮ. ಕೊನೆಯದರ ಅಡಿಯಲ್ಲಿ ಎರಡು ಗೆರೆ.

“ನಾನು ವಸ್ತುವೇನೇ?”

“ಒಂದು ಗಂಟೆ ಪಕ್ಕದ ಮನೇಲಿ ಕೂತಿರ್ತೀರಾ ದೊಡ್ಡಮ್ಮ?”

“ಚೆನ್ನಾಗಿದೆ ಕಣೇ! ನನ್ನ ಮನೆಯಿಂದ ನನ್ನನ್ನೇ ಆಚೆ ಹಾಕ್ತೀಯಾ?”

ಹೊಲಿಗೆ ಮಷೀನಿನ ಶಟಲಿಗೆ ಎಣ್ಣೆ ಬಿಡುತ್ತಿದ್ದ ದೊಡ್ಡಪ್ಪ ತಲೆಯೆತ್ತಿದರು. “ಅವಳಿಲ್ದೆ…”

“ಆಗಲ್ಲ ಅಂತಿದ್ದಾರೆ,” ಎಂದು ದೊಡ್ಡಮ್ಮ ಮುಗಿಸಿಕೊಟ್ಟಳು. ದೊಡ್ಡಪ್ಪ ಮತ್ತೆ ಶಟಲಿನ ಕಡೆ ತಿರುಗಿದರು.

ಪುಟ್ಟಿ ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತಳು. ಆಮೇಲೆ ಮೈಕನ್ನು ದೊಡ್ಡಮ್ಮನ ಕೈಗಿಟ್ಟು, ದೊಡ್ಡ ಹೆಡ್‌ಫೋನನ್ನೂ ಅವಳ ಕಿವಿಗೇ ಏರಿಸಿದಳು. “ಇವತ್ತು ನೀವೇ ಸೌಂಡ್ ಇಂಜಿನಿಯರು. ದೊಡ್ಡಪ್ಪನ ಬಾಯಿಂದ ಒಂದು ಗೇಣು ದೂರದಲ್ಲಿ ಹಿಡೀಬೇಕು. ಒಂದೇ ನಿಯಮ. ಮೈಕು ಹಿಡಿದೋರು ತುಟಿ ಬಿಚ್ಚೋ ಹಾಗಿಲ್ಲ. ಬಿಚ್ಚಿದ್ರೆ ಮೊದಲಿಂದ ಶುರು.”

ಇಂಜಿನಿಯರು ಎನಿಸಿಕೊಂಡ ಮೇಲೆ ದೊಡ್ಡಮ್ಮ ಗತ್ತಿನಿಂದಲೇ ಸ್ಟೂಲು ಎಳೆದುಕೊಂಡಳು. ಕಿಟಕಿಗೆ ಹೊದಿಕೆ ಬಿತ್ತು, ಫ್ಯಾನು ನಿಂತಿತು, ಗಡಿಯಾರ ಹಾಸಿಗೆಯೊಳಗೆ ಹೋಯಿತು.

“ದನಿ ಪರೀಕ್ಷೆ. ದೊಡ್ಡಪ್ಪ, ಬೆಳಿಗ್ಗೆ ಏನು ತಿಂದ್ರಿ?”

“ಬೆಳಿಗ್ಗೆ…” ಎಂದರು ದೊಡ್ಡಪ್ಪ.

“ಬ್ರೆಡ್ಡು, ಎರಡು ಮೊಟ್ಟೆ!” ಎಂದಳು ದೊಡ್ಡಮ್ಮ.

ಪುಟ್ಟಿ ಕಣ್ಣಲ್ಲೇ ನುಂಗುವಂತೆ ನೋಡಿದಳು. ದೊಡ್ಡಮ್ಮ ಸೆರಗಿನ ತುದಿಯನ್ನು ಉಂಡೆ ಮಾಡಿ ಹಲ್ಲಿನ ನಡುವೆ ಕಚ್ಚಿಕೊಂಡಳು. ಇನ್ನು ಜೀವ ಹೋದರೂ ಮಾತಾಡುವುದಿಲ್ಲ ಎಂದು ಕೈಸನ್ನೆಯಲ್ಲೇ ಆಣೆಯಿಟ್ಟಳು.

“ಈ ಕೆಲಸಕ್ಕೆ ಹೇಗೆ ಬಂದ್ರಿ ದೊಡ್ಡಪ್ಪ?”

“ನಾನು ಈ ಕೆಲಸಕ್ಕೆ ಬಂದಿದ್ದು…”

ಮಾತು ಅಲ್ಲಿಗೇ ನಿಂತಿತು. ಅವರ ಉಸಿರು ದೊಡ್ಡಮ್ಮನ ಎರಡು ಕಿವಿಯಲ್ಲೂ ಏರಿಳಿಯಿತು, ತಲೆಯೊಳಗೇ ಕೂತು ಉಸಿರಾಡುವ ಹಾಗೆ. ‘ಅಪ್ಪನಿಂದ’ ಎಂಬ ಪದ ಅವಳ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಅವರಪ್ಪನೂ ಇದೇ ಕೆಲಸದವರು, ಹೇಳುವುದಕ್ಕೆ ಇನ್ನೇನಿದೆ? ಅಯ್ಯೋ, ಹೇಳಿ ಮುಗಿಸಬಾರದೇ! ಅವಳು ಬಟ್ಟೆಯನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚಿದಳು. ಪುಟ್ಟಿಯ ಒಂದು ವರ್ಷ, ಪುಟ್ಟಿಯ ಒಂದು ವರ್ಷ.

“…ಸಿಟ್ಟಿನಿಂದ,” ಎಂದರು ದೊಡ್ಡಪ್ಪ.

ದೊಡ್ಡಮ್ಮನ ಬಾಯಿ ತಾನಾಗಿ ತೆರೆದು ಬಟ್ಟೆಯ ಉಂಡೆ ಮಡಿಲಿಗೆ ಬಿತ್ತು.

“ಅಪ್ಪ ನನ್ನನ್ನ ಮಷೀನು ಮುಟ್ಟೋಕೇ ಬಿಡ್ತಿರಲಿಲ್ಲ. ನಿನ್ನ ಕೈಲಾಗಲ್ಲ ಅಂತಿದ್ರು. ಒಂದಿನ ಅವರು ಊರಲ್ಲಿಲ್ದಾಗ… ಎಲ್ಲಾ ಬಿಚ್ಚಿ ಹಾಕ್ದೆ. ಜೋಡಿಸೋಕೆ ಮೂರು ದಿನ ಹಿಡೀತು. ಜೋಡಿಸ್ದೆ.”

ಸಿಟ್ಟು! ಈ ಮನುಷ್ಯನಿಗೆ! ಸಾರಿಗೆ ಉಪ್ಪು ಹಾಕದಿದ್ದರೂ ಸುಮ್ಮನೆ ತಿಂದೇಳುವ ಈ ಮನುಷ್ಯನಿಗೆ! ದೊಡ್ಡಮ್ಮ ಮೈಕನ್ನು ಇನ್ನಷ್ಟು ಹತ್ತಿರ ತಂದಳು. ಆಮೇಲಿನ ಐದು ಪ್ರಶ್ನೆಗೂ ಅವಳು ಮನಸ್ಸಿನಲ್ಲೇ ಉತ್ತರ ಹೇಳಿಕೊಂಡು ಕಾದಳು. ಐದರಲ್ಲಿ ನಾಲ್ಕು ತಪ್ಪಾದವು. ಅವರಿಗೆ ಇಷ್ಟದ ಮಷೀನು ಕಾಲಿನಲ್ಲಿ ತುಳಿಯುವುದಲ್ಲವಂತೆ, ಕೈಯಲ್ಲಿ ತಿರುಗಿಸುವುದಂತೆ. ಕೋಣೆಯಲ್ಲಿ ರೇಡಿಯೋ ಹಾಕುವುದು ಹಾಡು ಕೇಳುವುದಕ್ಕಲ್ಲವಂತೆ, ಗಿರಾಕಿಗಳು ಮಾತಿಗೆಳೆಯದಿರಲಿ ಅಂತ. ಇಪ್ಪತ್ತೆಂಟು ವರ್ಷ ತಾನು ಅರೆದು ಕುಡಿದಿದ್ದೇನೆ ಅಂದುಕೊಂಡ ಗಂಡ ಇವರೇನಾ ಎಂದು ಅವಳಿಗೆ ಅನುಮಾನವೇ ಬಂತು.

“ಈ ಕೆಲಸ ಬಿಡಬೇಕು ಅಂತ ಯಾವತ್ತಾದ್ರೂ ಅನ್ನಿಸಿತ್ತಾ?”

ಇದಕ್ಕೆ ಮಾತ್ರ ‘ಇಲ್ಲ’ ಅಂತಾರೆ ಎಂದು ದೊಡ್ಡಮ್ಮನಿಗೆ ಖಾತ್ರಿಯಿತ್ತು.

“ಒಂದು ಸಲ,” ಎಂದರು ದೊಡ್ಡಪ್ಪ. “ಮದುವೆಯಾದ ವರ್ಷ. ಬಟ್ಟೆ ಫ್ಯಾಕ್ಟರಿಯಿಂದ ಕಾಗದ ಬಂದಿತ್ತು. ಇನ್ನೂರು ಮಷೀನು… ನೋಡ್ಕೊಳ್ಳೋ ಕೆಲಸ. ಓಡೋಡಿ ಮನೆಗೆ ಬಂದೆ. ಇವತ್ತು ಒಂದು… ಅಂದೆ. ನಿಮ್ಮ ದೊಡ್ಡಮ್ಮ, ‘ರಿಪೇರಿಗೆ ಒಂದೇ ಮಷೀನು ಬಂತಾ? ಹೋಗ್ಲಿ ಬಿಡಿ, ನಾಳೆ ಇನ್ನೊಂದು ಬರುತ್ತೆ’ ಅಂದ್ಲು.”

“ನೀವೇನಂದ್ರಿ?”

“ಹೂಂ ಅಂದೆ.”

“ಆಮೇಲೆ?”

“ಆಮೇಲೇನು, ಊಟ ಮಾಡಿದ್ವಿ.”

ಪುಟ್ಟಿ ನಗು ತಡೆಯಲಾಗದೆ ನೋಟುಬುಕ್ಕನ್ನು ಮುಖಕ್ಕೆ ಅಡ್ಡ ಹಿಡಿದಳು. ದೊಡ್ಡಮ್ಮನಿಗೆ ನಗು ಬರಲಿಲ್ಲ. ಆ ಊಟ ಅವಳಿಗೆ ನೆನಪಿರಲಿಲ್ಲ, ಆ ಮಾತೂ ನೆನಪಿರಲಿಲ್ಲ. ಅಂಥ ಊಟ ಎಷ್ಟಾಗಿ ಹೋಗಿರಬಹುದು ಎಂದು ನೆನೆದು ಅವಳಿಗೆ ಅಳುವೇ ಬಂತು.

“ಬೇಜಾರಾಗ್ಲಿಲ್ವಾ ದೊಡ್ಡಪ್ಪ?” ಪುಟ್ಟಿಯ ದನಿ ಈಗ ಮೆತ್ತಗಿತ್ತು.

ದೊಡ್ಡಪ್ಪ ಕೈಯಲ್ಲಿದ್ದ ದಾರದ ಬಾಬಿನ್ನನ್ನು ತಿರುಗಿಸುತ್ತ ಕೂತರು. ಉಸಿರು ಏರಿತು, ಇಳಿಯಿತು. ದೊಡ್ಡಮ್ಮ ನಾಲಿಗೆಯ ತುದಿಯಲ್ಲಿ ಪದ ಹುಡುಕಿದಳು. ಏನೂ ಇರಲಿಲ್ಲ. ಅವರು ಏನು ಹೇಳುತ್ತಾರೋ ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

ದೊಡ್ಡಪ್ಪ ಅಭ್ಯಾಸ ಬಲದಿಂದ ಹೆಂಡತಿಯ ಕಡೆ ತಿರುಗಿದರು. “ನೀನೇ ಹೇಳೇ.”

ಪುಟ್ಟಿ ಗಾಬರಿಯಿಂದ ಎರಡೂ ಕೈ ಬೀಸಿ ಬೇಡ ಬೇಡ ಎಂದಳು.

“ನಂಗೊತ್ತಿಲ್ಲ ಕಣ್ರೀ,” ಎಂದುಬಿಟ್ಟಳು ದೊಡ್ಡಮ್ಮ. “ನೀವೇ ಹೇಳಿ.”

ನಿಯಮ ಮುರಿದಿತ್ತು. ಆದರೆ ಪುಟ್ಟಿ ರೆಕಾರ್ಡಿಂಗ್ ನಿಲ್ಲಿಸಲಿಲ್ಲ. ದೊಡ್ಡಪ್ಪ ಹೆಂಡತಿಯನ್ನೇ ನೋಡುತ್ತಿದ್ದರು, ಯಾರೋ ಹೊಸಬರು ಅಂಗಡಿಗೆ ಬಂದಂತೆ.

“ಆಯ್ತು,” ಎಂದರು ಕೊನೆಗೆ. “ಎರಡು ವರ್ಷ… ಬೇಜಾರಿತ್ತು. ನೀನು ಕೇಳಿದ್ರೆ ಹೇಳೋಣ ಅಂತಿದ್ದೆ.”

“ಈಗ ಕೇಳ್ತಿದ್ದೀನಿ.”

“ಈಗ್ಯಾಕೆ, ಮುಗಿದು ಹೋದ ಕಥೆ.”

“ಕೇಳ್ತಿದ್ದೀನಿ ಅಂದೆನಲ್ಲ, ಹೇಳ್ರೀ!” ಕೇಳಿಕೊಳ್ಳುವಾಗಲೂ ಗದರಿಕೆ ಗದರಿಕೆಯೇ.

ದೊಡ್ಡಪ್ಪ ಬಾಬಿನ್ನನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, ನೆಟ್ಟಗೆ ಕೂತರು.

“ಆ ಫ್ಯಾಕ್ಟರೀಲಿ…” ಎಂದು ಶುರು ಮಾಡಿ, ಮಾತು ನಿಲ್ಲಿಸಿದರು.

ದೊಡ್ಡಮ್ಮ ಮೈಕನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡು ಕಾದಳು.