ಕೇಕಿನಕ್ಕನ ರುಚಿಯ ಲೋಟ

ಕೇಕಿನ ಮೇಲೆ ‘ಶುಭಾಶಯ’ ಎಂದು ಬರೆಯಲು ಹೊರಟ ಕ್ರೀಮಿನ ಗೆರೆ ಎರಡನೆಯ ಅಕ್ಷರಕ್ಕೇ ದಾರಿ ತಪ್ಪಿತು. ಕೇಕಿನ ಅಂಚು ದಾಟಿ, ತಟ್ಟೆ ದಾಟಿ, ಮೇಜಿನ ಮೇಲೆ ಉದ್ದಕ್ಕೆ ಹರಿದು ನಿಂತಿತು. ಕ್ರೀಮಿನ ಚೀಲ ಹಿಡಿದ ಕೈ ಹಾಗೆಯೇ ಇತ್ತು. ಹಿಡಿದವಳು ಮಾತ್ರ ನಿಂತಲ್ಲೇ ನಿದ್ದೆ ಹೋಗಿದ್ದಳು.

ಬೀದಿಯವರೆಲ್ಲ ಅವಳನ್ನು ಕೇಕಿನಕ್ಕ ಎಂದೇ ಕರೆಯುತ್ತಿದ್ದರು. ಆ ಸಣ್ಣ ಬೇಕರಿಯಲ್ಲಿ ಒಲೆ ಗಂಡನದು, ಗಲ್ಲಾ ಅತ್ತೆಯದು, ಅಲಂಕಾರದ ಮೇಜು ಅವಳದು.

“ಏನಮ್ಮಾ, ಇವತ್ತು ಕೇಕಿಗೆ ಬಾಲ ಬೇರೆ ಬಂದಿದೆ!” ಎಂದು ಅತ್ತೆ ಗಲ್ಲಾದ ಹಿಂದಿನಿಂದ ಕೂಗಿದರು. ಅವಳು ಬೆಚ್ಚಿ ಕಣ್ಣು ಬಿಟ್ಟಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಬ್ರೆಡ್ಡಿಗೆ ಬಂದಿದ್ದ ಎದುರುಮನೆಯ ನರ್ಸಮ್ಮ ಮಾತ್ರ ನಗಲಿಲ್ಲ.

“ರಾತ್ರಿ ಗೊರಕೆ ಹೊಡೀತೀಯೇನಮ್ಮಾ?”

ಉತ್ತರ ಒಲೆಯ ಕಡೆಯಿಂದ ಬಂತು. “ಗೊರಕೆನಾ ಸಿಸ್ಟರ್? ಬೀದಿನಾಯಿಗಳು ಬೊಗಳೋದು ಬಿಟ್ಟು ಕಿವಿ ನಿಮಿರಿಸಿ ಕೇಳ್ತವೆ,” ಎಂದ ಗಂಡ, ಮರುಕ್ಷಣವೇ ದನಿ ತಗ್ಗಿಸಿದ. “ಆದ್ರೆ ನಂಗೆ ಭಯ ಆಗೋದು ಗೊರಕೆ ಕೇಳಿದಾಗಲ್ಲ. ಅದು ನಿಂತಾಗ. ಉಸಿರೇ ಆಡಲ್ಲ. ನಾನು ಭುಜ ಹಿಡಿದು ಅಲ್ಲಾಡಿಸ್ಬೇಕು.”

“ಹಾಗಾದ್ರೆ ಇದು ನಗೋ ವಿಷಯ ಅಲ್ಲ. ನಾಳೆ ಆಸ್ಪತ್ರೆಗೆ ಬಾ,” ಎಂದರು ನರ್ಸಮ್ಮ.

ತಪಾಸಣೆಯಲ್ಲಿ ಒಂದರ ಹಿಂದೊಂದು ಹೊರಬಿತ್ತು: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸವೆದ ಮಂಡಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ಇವೆಲ್ಲದರ ಬೇರಿಗೆ ನೀರೆರೆಯುತ್ತಿದ್ದುದು ದೇಹದ ತೂಕ. ಅಲ್ಲಿಯೇ ವೈದ್ಯೆಯ ಬಾಯಲ್ಲಿ ಮೊದಲ ಸಲ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತು ಬಂತು. ಕೇಕಿನಕ್ಕನನ್ನು ಕಾಯಿಲೆಗಳ ಹೆಸರುಗಳಿಗಿಂತ ಹೆಚ್ಚಾಗಿ ಕಾಡಿದ್ದು ಒಂದೇ ಪ್ರಶ್ನೆ: ಹೀಗೇ ಆದರೆ ನಾನು ನನ್ನ ಮೇಜಿನ ಮುಂದೆ ಇನ್ನೆಷ್ಟು ಕಾಲ ನಿಲ್ಲಬಲ್ಲೆ?

ಮನೆಯಲ್ಲಿ ಅತ್ತೆ ಕೆಂಡಾಮಂಡಲವಾದರು. “ಚೆನ್ನಾಗಿರೋ ಹೊಟ್ಟೆಗೆ ಕತ್ತರಿ ಹಾಕಿಸೋದಾ? ಬಾಯಿ ಕಟ್ಟಿದ್ರೆ ಸಾಲದಾ?”

“ನಾನು ತಿನ್ನೋದೇ ಎಷ್ಟು ಅತ್ತೆ? ಊಟಕ್ಕೆ ಕೂತಾಗ ನೀವೇ ನೋಡ್ತೀರಲ್ಲ.”

ಅದು ಸುಳ್ಳಲ್ಲ. ಊಟದ ತಟ್ಟೆಯಲ್ಲಿ ಅವಳ ಪಾಲು ಎಲ್ಲರಿಗಿಂತ ಕಡಿಮೆಯೇ ಇತ್ತು. ಸಂಜೆ ಬಂದ ನರ್ಸಮ್ಮ ಇದನ್ನು ಕೇಳಿ ಅವಳ ಕಡೆ ತಿರುಗಿದರು.

“ಕ್ರೀಮು, ಪಾಕ, ಹಿಟ್ಟು ಹದವಾಗಿದೆಯಾ ಅಂತ ಹೇಗೆ ನೋಡ್ತೀಯಾ?”

“ರುಚಿ ನೋಡ್ತೀನಿ. ಬೇಕರಿ ಕೆಲಸ ಅಲ್ವಾ!”

“ನಾಳೆ ಒಂದು ದಿನ ಮೇಜಿನ ಮೇಲೆ ಖಾಲಿ ಲೋಟ ಇಟ್ಕೋ. ಬಾಯಿಗೆ ಎಷ್ಟು ಹೋಗುತ್ತೋ ಅಷ್ಟನ್ನೇ ಲೋಟಕ್ಕೂ ಹಾಕು.”

“ರುಚಿ ನೋಡೋದೂ ತಿನ್ನೋದೇನಾ ಸಿಸ್ಟರ್?” ಎಂದು ಕೇಕಿನಕ್ಕ ನಕ್ಕಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಆ ನಗು ಉಳಿದಿರಲಿಲ್ಲ. ಬೆರಳಿಗಂಟಿದ ಕ್ರೀಮು, ಚಮಚದ ತುದಿಯ ಪಾಕ, ಕೇಕಿನ ಅಂಚು ಕೊಯ್ದಾಗ ಉದುರಿದ ಚೂರು, ಹೀಗೆ ಲೋಟ ಕಂಠದವರೆಗೆ ತುಂಬಿತು. ಅವಳು ಎರಡನೆಯ ಲೋಟ ತಂದಳು.

“ಇದ್ಯಾರಿಗಮ್ಮಾ ತೆಗೆದಿಟ್ಟಿದ್ದು?” ಎಂದು ಅತ್ತೆ ಇಣುಕಿ ನೋಡಿದರು.

“ನಾನು ಏನೂ ತಿನ್ನಲ್ಲ ಅಂತಿದ್ನಲ್ಲ ಅತ್ತೆ, ಅದೇ ಇದು.”

ಅತ್ತೆಗೆ ಗೆದ್ದಷ್ಟು ಖುಷಿ. “ನೋಡಿದ್ಯಾ! ಇದನ್ನ ಬಿಟ್ರೆ ಆಯ್ತು. ಕತ್ತರಿ ಗಿತ್ತರಿ ಎಲ್ಲ ಯಾಕೆ?”

ಕೇಕಿನಕ್ಕ ಬಿಟ್ಟಳು. ಪಟ್ಟು ಹಿಡಿದೇ ಬಿಟ್ಟಳು. ಆಹಾರತಜ್ಞೆ ಹೇಳಿದಂತೆ ಉಂಡಳು, ಮಂಡಿ ತಾಳುವಷ್ಟು ನಡೆದಳು. ತೂಕ ಇಳಿಯಿತು. ಅತ್ತೆ ಬಂದ ಗಿರಾಕಿಗಳಿಗೆಲ್ಲ ಅದನ್ನೇ ಸಾರಿದರು. ಆದರೆ ಕೆಲವು ತಿಂಗಳಲ್ಲಿ ಇಳಿತ ನಿಂತಿತು. ಹಸಿವು ಹಗಲಿರುಳೆನ್ನದೆ ಬೆನ್ನು ಹತ್ತಿತು. ವರ್ಷ ತಿರುಗುವುದರೊಳಗೆ, ಅದೇ ಊಟ, ಅದೇ ನಡಿಗೆ ಇದ್ದರೂ, ಹೋದ ತೂಕ ನೆಂಟರನ್ನೂ ಕರೆದುಕೊಂಡು ಮರಳಿ ಬಂತು. ಒಂದು ಬೆಳಿಗ್ಗೆ ಅವಳು ಮತ್ತೆ ನಿಂತಲ್ಲೇ ತೂಕಡಿಸಿದಳು. ಈ ಸಲ ಅವಳ ಮೊಣಕೈ ಬಿಸಿ ತಟ್ಟೆಗೆ ತಗುಲಿ ಬೊಬ್ಬೆ ಎದ್ದಿತು.

ಅತ್ತೆ ತಾವೇ ಮುಲಾಮು ಹಚ್ಚಿದರು. ಆಸ್ಪತ್ರೆಗೂ ತಾವೇ ಜೊತೆಗೆ ಬಂದರು.

“ಇವಳು ಕದ್ದು ತಿಂದಿಲ್ಲ ಡಾಕ್ಟ್ರೇ. ನಾನೇ ಸಾಕ್ಷಿ. ಮತ್ಯಾಕೆ ಹೀಗೆ?”

ವೈದ್ಯೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ತೂಕ ಇಳಿದಾಗ ನಮಗೆ ಸಂತೋಷ ಆಗುತ್ತೆ ಅಮ್ಮಾ. ಮೈಗೆ ಮಾತ್ರ ಬರಗಾಲ ಬಂತು ಅನ್ಸುತ್ತೆ. ಅದು ಹಸಿವು ಹೆಚ್ಚಿಸುತ್ತೆ, ಶಕ್ತಿ ಖರ್ಚು ಕಡಿಮೆ ಮಾಡುತ್ತೆ, ಹಳೇ ತೂಕಕ್ಕೇ ವಾಪಸ್ ಎಳೆಯುತ್ತೆ. ಇದು ಸೋಮಾರಿತನ ಅಲ್ಲ, ಬಾಯಿಚಪಲಾನೂ ಅಲ್ಲ. ಇವರ ವಿಷಯದಲ್ಲಿ ಪಥ್ಯ ಒಂದೇ ಸಾಲಲ್ಲ. ಆಪರೇಷನ್ ಮಾಡಿದಾಗ ಹೊಟ್ಟೆಯ ಚೀಲ ಚಿಕ್ಕದಾಗುತ್ತೆ, ಊಟ ಹೋಗೋ ದಾರಿ ಬದಲಾಗುತ್ತೆ. ಹಸಿವಿನ ಆ ಎಳೆತಾನೂ ಸಡಿಲ ಆಗುತ್ತೆ.”

“ಹೆಚ್ಚುಕಮ್ಮಿ ಆದ್ರೆ?”

“ಆಗಬಹುದು. ರಕ್ತಸ್ರಾವ, ಹೊಲಿಗೆ ಸೋರೋದು, ಸೋಂಕು, ರಕ್ತ ಹೆಪ್ಪುಗಟ್ಟೋದು. ಅಪರೂಪ. ಆದ್ರೆ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಹಾಗೆ ಹೇಳೋ ಜಾಗಕ್ಕೆ ನೀವು ಹೋಗಲೂಬೇಡಿ. ಇನ್ನೊಂದು ಮಾತು. ಆಪರೇಷನ್ ಆದ್ಮೇಲೆ ಜೀವನಪೂರ್ತಿ ವಿಟಮಿನ್ ಮಾತ್ರೆ, ರಕ್ತಪರೀಕ್ಷೆ, ಊಟದ ಶಿಸ್ತು ಬೇಕೇ ಬೇಕು. ಇದು ಮಂತ್ರ ಅಲ್ಲ, ಒಂದು ಊರುಗೋಲು. ನಡೆಯೋರು ನೀವೇ.”

ಇಬ್ಬರೂ ಮನೆಗೆ ಮರಳಿದರು. ಬಾಗಿಲ ಬಳಿ ಕೇಕಿನಕ್ಕ ನಿಂತಳು. “ಅತ್ತೆ, ಚೆಂದ ಕಾಣ್ಬೇಕು ಅಂತ ಅಲ್ಲ. ನನ್ನ ಮೇಜಿನ ಮುಂದೆ ಎಚ್ಚರವಾಗಿ ನಿಲ್ಬೇಕು. ನಾನು ಮಾಡಿಸ್ಕೋತೀನಿ.”

ಅತ್ತೆ ಅವಳ ಮೊಣಕೈಯ ಪಟ್ಟಿ ನೋಡಿದರು. “ಮಾಡಿಸ್ಕೋ. ಆದ್ರೆ ನಂಗೆ ಭಯ ಇಲ್ಲ ಅಂತ ಮಾತ್ರ ಅನ್ಕೋಬೇಡ.”

ಶಸ್ತ್ರಚಿಕಿತ್ಸೆಗೆ ಮೊದಲೇ ಕೆಲಸ ಬಹಳವಿತ್ತು. ಹೃದಯದ ಪರೀಕ್ಷೆ, ಮನಃಶಾಸ್ತ್ರಜ್ಞರೊಡನೆ ಮಾತು, ಯಕೃತ್ತು ಕುಗ್ಗಲೆಂದು ವಿಶೇಷ ಪಥ್ಯ, ರಾತ್ರಿ ಉಸಿರಾಟಕ್ಕೆ ಮುಖಕ್ಕೊಂದು ಯಂತ್ರ. “ಆನೆಯ ಸೊಂಡಿಲು ಬಂತು” ಎಂದು ಗಂಡ ರೇಗಿಸಿದ. “ಹತ್ತಿರ ಬಂದ್ರೆ ಸುತ್ತಿ ಎತ್ತಿ ಹಾಕ್ತೀನಿ” ಎಂದು ಅವಳು ಸೊಂಡಿಲಿನೊಳಗಿಂದಲೇ ಉತ್ತರ ಕೊಟ್ಟಳು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಹೊಟ್ಟೆಯ ಮೇಲೆ ಕೆಲವು ಸಣ್ಣ ತೂತುಗಳು, ಅಷ್ಟೇ ಗಾಯ. ಅಂದು ಸಂಜೆಯೇ ನರ್ಸಮ್ಮ ಅವಳನ್ನು ಹಿಡಿದು ನಡೆಸಿದರು. ಮೊದಲು ತಿಳಿಯಾದ ದ್ರವಾಹಾರ, ಆಮೇಲೆ ಮೆತ್ತಗೆ ಅರೆದದ್ದು, ವಾರಗಳು ಕಳೆದ ಮೇಲೆ ಗಟ್ಟಿ ಆಹಾರ. ದೊಡ್ಡ ತಟ್ಟೆ ಕಪಾಟು ಸೇರಿ ಸಣ್ಣ ತಟ್ಟೆ ಹೊರಗೆ ಬಂತು. ಮೊದಲ ತುತ್ತು ಕಾಳು, ಮೊಟ್ಟೆಗಳಂಥ ಪ್ರೋಟೀನಿನದು. ಪ್ರತಿ ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯಬೇಕು. ನೀರು ಊಟದ ಜೊತೆಗಲ್ಲ, ನಡುವಿನ ಹೊತ್ತಿನಲ್ಲಿ ಗುಟುಕು ಗುಟುಕಾಗಿ.

“ಗುಬ್ಬಚ್ಚಿಗೂ ಇದು ಸಾಲಲ್ಲ,” ಎಂದು ಅತ್ತೆ ಗೊಣಗಿದರೂ ಇನ್ನೊಂದು ತುತ್ತಿಗೆ ಒತ್ತಾಯಿಸಲಿಲ್ಲ. ಕೆಲವು ತಿಂಗಳು ಕೂದಲು ಕೈಗೆ ಕೈಗೆ ಬಂತು. ಒಂದೆರಡು ದಿನ ಕಾರಣವಿಲ್ಲದೆ ಅಳುವೂ ಬಂತು. ನರ್ಸಮ್ಮ ಇವನ್ನೆಲ್ಲ ಮುಂಚೆಯೇ ಹೇಳಿದ್ದರಿಂದ ಅವಳು ಹೆದರದೆ ಆಸ್ಪತ್ರೆಗೆ ಹೋಗಿ ಹೇಳಿಕೊಂಡಳು. ತೂಕ ಮೆಟ್ಟಿಲಿಳಿದಂತೆ ಇಳಿಯಿತು. ವೈದ್ಯೆ ಸಕ್ಕರೆಯ ಮಾತ್ರೆಗಳನ್ನು ಕಡಿಮೆ ಮಾಡಿದರು. ಗೊರಕೆ ಅಡಗಿತು. “ಪಾಪ, ನಾಯಿಗಳಿಗೆ ಈಗ ಹೊತ್ತೇ ಹೋಗಲ್ಲ,” ಎಂದ ಗಂಡ.

ಅವಳು ಮೇಜಿಗೆ ಮರಳಿದಳು. ಎಡವಿದ್ದೂ ಅಲ್ಲಿಯೇ. ಪಾಕ ಹದಕ್ಕೆ ಬರುತ್ತಿತ್ತು. ಹಳೆಯ ಅಭ್ಯಾಸದ ಕೈ ತಾನಾಗಿ ಚಮಚವನ್ನು ಬಾಯಿಗೆ ಒಯ್ಯಿತು, ಹದ ಸಾಲದೆಂದು ಮತ್ತೊಮ್ಮೆ, ಮಗದೊಮ್ಮೆ. ಸ್ವಲ್ಪ ಹೊತ್ತಿಗೆ ಎದೆ ಡವಡವ ಹೊಡೆದುಕೊಂಡಿತು, ಮೈ ಬೆವರಿತು, ಅಂಗಡಿ ಗಿರ್ರನೆ ತಿರುಗಿತು. ಅವಳು ಮೈದಾ ಮೂಟೆಯ ಮೇಲೆ ಕುಸಿದಳು.

ಓಡಿಬಂದ ನರ್ಸಮ್ಮ ಮೊದಲು ಅವಳನ್ನು ಮಲಗಿಸಿ, ಆಸ್ಪತ್ರೆಗೆ ಫೋನ್ ಮಾಡಿ ಮಾತಾಡಿದರು. “ಸಿಹಿ ಈಗ ನಿನ್ನ ಹೊಟ್ಟೇಲಿ ತಂಗಲ್ಲ, ಸೀದಾ ಕರುಳಿಗೆ ನುಗ್ಗುತ್ತೆ. ಅದಕ್ಕೇ ಹೀಗೆ. ತಾನಾಗೇ ಇಳಿಯುತ್ತೆ. ಆದ್ರೆ ಸಕ್ಕರೆ ಪಾಕ ನಿನ್ನ ನಾಲಿಗೆಗೆ ಇನ್ಮೇಲೆ ಬೇಡ.”

ಕೇಕಿನಕ್ಕನ ಕಣ್ಣು ತುಂಬಿತು. “ಈ ಮೇಜಿಗೋಸ್ಕರ ಹೊಟ್ಟೆ ಕುಯ್ಸಿಕೊಂಡೆ. ರುಚಿ ನೋಡದೆ ಕೇಕ್ ಮಾಡೋದು ಹೇಗೆ? ಮೇಜನ್ನೇ ಬಿಡ್ಬೇಕಾ?”

“ನಾನು ಹೇಳ್ಲಿಲ್ವಾ” ಎಂಬ ಮಾತು ಈಗ ಅತ್ತೆಯಿಂದ ಬರುತ್ತದೆಂದು ಅವಳು ಕಾದಳು. ಅದು ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಗಲ್ಲಾದ ಪಕ್ಕದ ತಕ್ಕಡಿಯನ್ನು ತಂದು ತನ್ನ ಮೇಜಿನ ಮೇಲಿಟ್ಟಳು. ಇಷ್ಟು ದಿನ ನಾಲಿಗೆ ಅಳೆಯುತ್ತಿದ್ದುದನ್ನು ಇನ್ನು ತಕ್ಕಡಿ ಅಳೆಯಲಿ. ಸಕ್ಕರೆ, ಬೆಣ್ಣೆ, ಹಾಲು, ಎಲ್ಲವೂ ತೂಗಿಯೇ ಬಿದ್ದವು. ಕೊನೆಯ ಹದ ನೋಡುವ ಗಳಿಗೆಯಲ್ಲಿ ಅವಳ ಕೈ ನಿಂತಿತು. ಆಗ ಅತ್ತೆ ಗಲ್ಲಾಕ್ಕೆ ಬೀಗ ಹಾಕಿ, ಸೊಂಟಕ್ಕೆ ಸೆರಗು ಬಿಗಿದು ಬಂದರು.

“ಕೊಡಿಲ್ಲಿ ಚಮಚ. ನಿನ್ನ ನಾಲಿಗೆಗೆ ರಜೆ. ನಂದು ಖಾಲಿ ಬಿದ್ದಿದೆ.”

“ನಿಮ್ಮ ನಾಲಿಗೆ ಖಾಲಿ ಇತ್ತಾ ಅತ್ತೆ? ಯಾವತ್ತಿಂದ?”

“ಜೋರಾಗಿದ್ದೀಯ ಬಿಡು!” ಅತ್ತೆ ನಗು ತಡೆದು, ಕಾಳಿನಷ್ಟು ಕ್ರೀಮು ನಾಲಿಗೆಗಿಟ್ಟು, ಕಣ್ಣು ಮುಚ್ಚಿದರು. “ಸಿಹಿ ಒಂಚೂರು ಮುಂದಿದೆ.” ಆಮೇಲೆ ಅಷ್ಟೇ ಕ್ರೀಮನ್ನು ಚಮಚದಲ್ಲಿ ತೆಗೆದು, ತಾವೇ ತಂದಿಟ್ಟುಕೊಂಡಿದ್ದ ಖಾಲಿ ಲೋಟಕ್ಕೆ ಹಾಕಿದರು.

“ಅದ್ಯಾಕೆ ಅತ್ತೆ?”

“ನಾಳೆ ನಾನೂ ಏನೂ ತಿನ್ನಲ್ಲ ಅಂತ ಹೇಳ್ಬಾರ್ದಲ್ಲ!”

ಅಂದಿನ ಕೇಕಿನ ಮೇಲೆ ‘ಶುಭಾಶಯ’ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ನೇರವಾಗಿ ನಿಂತಿತು. ಬರೆದವಳೂ ಹಾಗೆಯೇ ನಿಂತಿದ್ದಳು.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅತಿಯಾದ ತೂಕ ಅವಮಾನದ ವಿಷಯವಲ್ಲ, ಚಿಕಿತ್ಸೆ ಇರುವ ಆರೋಗ್ಯದ ಸಮಸ್ಯೆ. ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕಿಲ್ಲ, ಎಲ್ಲರಿಗೂ ಹೊಂದುವುದೂ ಇಲ್ಲ. ನಿಮಗೆ ಬೇಕೋ ಬೇಡವೋ ಎಂಬುದನ್ನು ಜಾಹೀರಾತು ನೋಡಿ, ನೆರೆಯವರ ಮಾತು ಕೇಳಿ ತೀರ್ಮಾನಿಸಬೇಡಿ. ತಜ್ಞ ವೈದ್ಯರ ಬಳಿ ಹೋಗಿ, ಲಾಭವನ್ನೂ ಅಪಾಯವನ್ನೂ ಬಾಯಿಬಿಟ್ಟು ಕೇಳಿ. ಮುಂದೆ ಮಗು ಬೇಕೆಂದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ; ಶಸ್ತ್ರಚಿಕಿತ್ಸೆಯ ನಂತರ ಗರ್ಭ ಧರಿಸಲು ಸ್ವಲ್ಪ ಕಾಲ ಕಾಯಬೇಕಾಗುತ್ತದೆ. ಮಾಡಿಸಿಕೊಂಡ ಮೇಲೆ ಮಾತ್ರೆಯನ್ನೂ ತಪಾಸಣೆಯನ್ನೂ ತಪ್ಪಿಸಬೇಡಿ. ಮನೆಯವರಲ್ಲೂ ಒಂದು ಬಿನ್ನಹ: ನಿಮ್ಮ ಭಯವನ್ನು ಬಚ್ಚಿಡಬೇಡಿ, ಆದರೆ ಆಸ್ಪತ್ರೆಗೆ ಜೊತೆಯಲ್ಲಿ ನಡೆಯಿರಿ. ಮನೆಗೆ ಬಂದ ಮೇಲೆ, ಅಗತ್ಯ ಬಿದ್ದಾಗ, ಚಮಚಕ್ಕೆ ಕೈ ಚಾಚಿ.